ಸಾರಿನ ಪುಡಿಯ ಡಬ್ಬಿಯೂ ನನ್ನ ಎಮ್ಯುಲೇಟರೂ

ಅಡುಗೆಮನೆಯ ಡಬ್ಬಿಗಳ ಮೇಲೆ ಬರೆದಿರುವುದನ್ನು ನಂಬುವವನಿಗೆ ಇನ್ನೂ ಮದುವೆಯಾಗಿಲ್ಲ ಎಂದೇ ಅರ್ಥ. ನಮ್ಮ ಮನೆಯಲ್ಲಿ ‘ಸಕ್ಕರೆ’ ಎಂದು ಚೆಂದವಾಗಿ ಕೆತ್ತಿರುವ ಸ್ಟೀಲ್ ಡಬ್ಬಿಯಲ್ಲಿ ಉದ್ದಿನಬೇಳೆ ಇದೆ. ‘ಉದ್ದಿನಬೇಳೆ’ಯಲ್ಲಿ ರಬ್ಬರ್ ಬ್ಯಾಂಡು, ಮೇಣದಬತ್ತಿ ಮತ್ತು ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಎರಡು ಬೀಗದಕೈ. ಮಗಳು ಕೂಸಾಗಿದ್ದಾಗ ತಂದ ಹಾಲಿನ ಪುಡಿಯ ಡಬ್ಬಿಯಲ್ಲಿ ಸಾರಿನ ಪುಡಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸೋಣ ಎಂದು ನಾನು ಒಮ್ಮೆ ಸಲಹೆ ಕೊಟ್ಟಿದ್ದೆ. ‘ಅಡುಗೆಮನೆ ಏನು ನಿಮ್ಮ ಆಫೀಸಾ?’ ಎಂದು ನನ್ನ ಹೆಂಡತಿ ಸುಮಾ ಕೇಳಿದಳು. ಅಲ್ಲಿಗೆ ಆ ಯೋಜನೆ ಮುಗಿಯಿತು.

ಸುಮಾ ಬ್ಯಾಂಕಿನಲ್ಲಿ ಆಫೀಸರ್. ಬ್ಯಾಂಕು ಅವಳನ್ನು ಮೈಸೂರಿನಿಂದ ಎತ್ತಿ ವಿಜಯವಾಡದಲ್ಲಿಟ್ಟಿತು, ಅಲ್ಲಿಂದ ಎತ್ತಿ ವಿಶಾಖಪಟ್ಟಣದಲ್ಲಿಟ್ಟಿತು. ಹಿಂದೆ ಹಿಂದೆಯೇ ನಾನು, ಮಗಳು, ಡಬ್ಬಿಗಳು. ಈಗ ಆ ಊರಿನ ಅಂಚಿನ ಪೆಂಡುರ್ತಿಯಲ್ಲಿ ಬಾಡಿಗೆ ಮನೆ. ನನ್ನ ಕೆಲಸ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಪುಟ್ಟ ಕಂಪನಿಯಲ್ಲಿ. ಅದರ ಯಜಮಾನರು ಪ್ರಸಾದ್ ಗಾರು ದೊಡ್ಡ ಮನಸ್ಸು ಮಾಡಿ, ‘ಮನೆಯಿಂದಲೇ ಮಾಡಿ ಮೂರ್ತಿ ಗಾರು, ಸಂಸಾರ ಒಡೆಯಬಾರದಂಡಿ’ ಎಂದು ಕಳಿಸಿಕೊಟ್ಟಿದ್ದರು. ಹೀಗಾಗಿ ಬೆಳಗ್ಗೆ ಹೆಂಡತಿ ಬ್ಯಾಂಕಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನೊಬ್ಬನೇ ಮನೆಯಲ್ಲಿ. ಪ್ರೋಗ್ರಾಂ ಬರೆಯುವವನೂ ನಾನೇ, ಸಾರು ಕುದಿಸುವವನೂ ನಾನೇ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಿಜಯವಾಡದ ಆಚೆ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇದೆ. ಅದರ ಕೋಣೆಗಳ ತಂಪನ್ನು ನೋಡಿಕೊಳ್ಳುವ ಕಂಪ್ಯೂಟರು ಮುದಿಯಾಗಿ, ಬಿಡಿ ಭಾಗ ಸಿಗದೆ, ಇವತ್ತೋ ನಾಳೆಯೋ ಎನ್ನುವ ಸ್ಥಿತಿಯಲ್ಲಿತ್ತು. ಅದರೊಳಗಿನ ಪ್ರೋಗ್ರಾಂ ಮಾತ್ರ ಗಟ್ಟಿಮುಟ್ಟು. ಹೊಸ ಕಂಪ್ಯೂಟರಿನಲ್ಲಿ ಕೂತು ‘ನಾನೇ ಆ ಹಳೆಯ ಪ್ರೊಸೆಸರ್’ ಎಂದು ನಟಿಸುತ್ತ ಆ ಪ್ರೋಗ್ರಾಮನ್ನು ನಂಬಿಸುವ ವೇಷಗಾರನೇ ಎಮ್ಯುಲೇಟರ್. ವೇಷ ಕಟ್ಟುವವನು ನಾನು.

ಕಷ್ಟವಿದ್ದದ್ದು ಮೆಮೊರಿಯಲ್ಲಿ. ಪ್ರೋಗ್ರಾಮಿಗೆ ತನ್ನ ವಸ್ತು ನಿಜವಾಗಿ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದು ಒಂದು ನಂಬರ್ ಹೇಳುತ್ತದೆ. ಪ್ರೊಸೆಸರ್ ಒಂದು ಪಟ್ಟಿ ನೋಡಿ, ಆ ನಂಬರಿನ ವಸ್ತು ಇರುವ ನಿಜವಾದ ಜಾಗಕ್ಕೆ ಹೋಗಿ ತಂದುಕೊಡುತ್ತದೆ. ಪ್ರತಿ ಸಲ ಪಟ್ಟಿ ತೆಗೆದು ನೋಡುತ್ತ ಕೂತರೆ ತಡವಾಗುತ್ತದಲ್ಲ, ಅದಕ್ಕೆ ಈಚೆಗೆ ನೋಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇಷ್ಟೇ ವಿಷಯ. ಇಷ್ಟರಲ್ಲೇ ನನ್ನ ಮಾನ ಹರಾಜಾಯಿತು. ನಾಲ್ಕನೇ ಕೋಣೆಯ ತಂಪು ಎಷ್ಟು ಎಂದು ಕೇಳಿದರೆ ನನ್ನ ವೇಷಗಾರ ಒಮ್ಮೊಮ್ಮೆ ಎರಡನೇ ಕೋಣೆಯ ಲೆಕ್ಕ ಒಪ್ಪಿಸುತ್ತಿದ್ದ. ನೂರೋ ಇನ್ನೂರೋ ಡಿಗ್ರಿ ಎಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇವನು ಹೇಳುತ್ತಿದ್ದದ್ದು ಆರು, ಇರಬೇಕಾದದ್ದು ನಾಲ್ಕು. ನೋಡಿದವರು ತಲೆಯಾಡಿಸಿ ಹೋಗಬೇಕು, ಅಂಥ ಸಭ್ಯ ಸುಳ್ಳು. ನಾನೂ ಹಾಗೆಯೇ ತಲೆಯಾಡಿಸಿ ಮೂರು ಸಲ ‘ಸರಿಹೋಯಿತು’ ಎಂದು ಘೋಷಿಸಿದ್ದೆ.

ಮೂರನೇ ಸಲ ಪ್ರಸಾದ್ ಗಾರು ಫೋನ್ ಮಾಡಿದರು. ತೆಲುಗಿನವರ ಮರ್ಯಾದೆ ನೋಡಿ, ಬೈಯುವಾಗಲೂ ‘ಗಾರು’ ಬಿಡುವುದಿಲ್ಲ. ‘ಮೂರ್ತಿ ಗಾರು, ಸೋಮವಾರ ಕೋಲ್ಡ್ ಸ್ಟೋರೇಜಿನ ಪಾರ್ಟಿ ಬರ್ತಾರೆ. ಅವರೆದುರು ಸರಿಯಾಗಿ ನಡೆದರೆ ನೀವು ವೈಜಾಗಲ್ಲೇ ಹಾಯಾಗಿ ಇರಿ. ನಡೀಲಿಲ್ಲ ಅಂದ್ರೆ ಮಾತ್ರ ತಪ್ಪು ತಿಳೀಬೇಡಿ, ಇಲ್ಲಿಗೇ ಬಂದು ನನ್ನ ಕಣ್ಣೆದುರು ಕೂತು ಕೆಲಸ ಮಾಡಬೇಕಾಗುತ್ತೆ.’ ಹೆಂಡತಿ ಮಗಳು ಇಲ್ಲಿ, ನಾನು ಅಲ್ಲಿ ಯಾವುದೋ ರೂಮಿನಲ್ಲಿ, ವಾರಕ್ಕೊಮ್ಮೆ ರೈಲಿನಲ್ಲಿ ತೂಕಡಿಸುತ್ತ ಬಂದು ಹೋಗುವ ಅತಿಥಿ! ಸಂಜೆ ಸುಮಾಗೆ ಇದನ್ನೆಲ್ಲ ಹೇಳಿದರೆ ಅವಳು ಬಟ್ಟೆ ಮಡಿಸುತ್ತ, ‘ಹೋದ್ರಾಯ್ತು ಬಿಡಿ. ವಿಜಯವಾಡ ಏನು ನಮಗೆ ಹೊಸದಾ?’ ಎಂದಳು. ಹನ್ನೊಂದು ವರ್ಷ ಸಂಸಾರ ಮಾಡಿದವಳು ಆಡುವ ಮಾತೇ ಇದು? ನನಗೆ ನಿಜವಾಗಿಯೂ ನೋವಾಯಿತು. ಆ ಸಂಜೆ ಕಾಫಿ ಬೇಡ ಎಂದೆ. ಅವಳು ಸರಿ ಎಂದು ನನ್ನ ಪಾಲನ್ನೂ ಕುಡಿದಳು.

ಶನಿವಾರ ಬಂತು. ಅವಳು ಮಧ್ಯಾಹ್ನದಿಂದ ರಜೆ ಹಾಕಿದ್ದಳು, ಮಗಳಿಗೂ ರಜೆ. ನಾನು ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕಣ್ಣು ಅದರಲ್ಲಿ, ಕೈ ಒಲೆಯ ಮೇಲೆ, ಹೀಗೆ ಸಾರು ಮಾಡಿದೆ. ಹಾಲಿನ ಪುಡಿಯ ಡಬ್ಬಿಗೆ ಕೈ ಹಾಕಿ, ನೋಡದೆಯೇ ಎರಡು ದೊಡ್ಡ ಚಮಚ ಸುರಿದು, ಒಗ್ಗರಣೆ ಕೊಟ್ಟು, ಪಕ್ಕದ ಮನೆಯ ಲಕ್ಷ್ಮಿ ಗಾರು ಅವರಿಗೂ ಒಂದು ಬಟ್ಟಲು ಕಳಿಸಿದೆ. ಅವರು ನಿನ್ನೆ ಗೋಂಗುರ ಚಟ್ನಿ ಕೊಟ್ಟಿದ್ದರು, ಬಟ್ಟಲನ್ನು ಖಾಲಿ ಕೊಡುವುದು ಹೇಗೆ? ಸ್ವಲ್ಪ ಹೊತ್ತಿಗೆ ಅವರೇ ಬಾಗಿಲಿಗೆ ಬಂದು, ‘ಚಾಲಾ ಬಾಗುಂದಂಡಿ! ನಿಮ್ಮ ಕನ್ನಡದವರ ಸಾರು ಅಂದ್ರೆ ಹೀಗೇ ಅಲ್ವಾ?’ ಎಂದು ಹೊಗಳಿ ಹೋದರು. ನಾನು ಉಬ್ಬಿಹೋದೆ.

ಊಟಕ್ಕೆ ಕೂತಾಗ ಮಗಳು ಮುಖ ಹಿಂಡಿ, ‘ಅಪ್ಪಾ, ಸಾರು ತಿಯ್ಯಗಾ ಇದೆ’ ಎಂದಳು. ಅವಳಿಗೆ ‘ಸಿಹಿ’ ಎಂಬ ಮಾತು ಬಾಯಿಗೆ ಬರುವುದು ತೆಲುಗು ಮುಗಿದ ಮೇಲೆ.

ಸುಮಾ ಒಂದು ತುತ್ತು ಬಾಯಿಗಿಟ್ಟು ಅಲ್ಲೇ ನಿಲ್ಲಿಸಿದಳು. ‘ಇದೇನ್ರೀ, ಸಾರೋ ಪಾಯಸಾನೋ?’

‘ಲಕ್ಷ್ಮಿ ಗಾರು ಚೆನ್ನಾಗಿದೆ ಅಂದ್ರು.’

‘ಪಾಪ, ನಾವು ದಿನಾ ಹಿಂಗೇ ತಿಂತೀವಿ ಅಂದ್ಕೊಂಡಿದಾರೆ. ಯಾವ ಡಬ್ಬಿಯಿಂದ ಹಾಕಿದ್ರಿ? ಡಬ್ಬಿ ಬದಲಾಯಿಸಿದೀನಿ ಅಂತ ನಿನ್ನೆ ರಾತ್ರೀನೇ ಹೇಳಿದ್ನಲ್ರೀ! ಸಾರಿನ ಪುಡಿ ಬಾಟ್ಲಿಗೆ ಹಾಕಿದೀನಿ, ಈ ಡಬ್ಬೀಲಿ ಅನಕಾಪಲ್ಲಿ ಬೆಲ್ಲದ ಪುಡಿ ಇದೆ ಅಂದೆ. ನೀವು ಹೂಂ ಅಂದ್ರಿ.’

‘ಅಂದೆನಾ?’

‘ಎರಡು ಸಲ ಅಂದ್ರಿ.’

ನಾನು ಎಂಜಲು ಕೈಯಲ್ಲೇ ಎದ್ದೆ. ಪಟ್ಟಿ ಬದಲಾಗಿದೆ, ಚೀಟಿ ಹಳೆಯದೇ ಇದೆ! ಆ ಕೋಲ್ಡ್ ಸ್ಟೋರೇಜಿನ ಪ್ರೋಗ್ರಾಂ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಪಟ್ಟಿ ತಿದ್ದಿ, ‘ಹಳೇ ಚೀಟಿ ಹರಿದುಹಾಕು’ ಎಂದು ಪ್ರೊಸೆಸರಿಗೆ ಆಜ್ಞೆ ಕೊಡುತ್ತದೆ. ಕೈ ತೊಳೆದು ಬಂದು, ಆ ಆಜ್ಞೆಗೆ ನನ್ನ ಎಮ್ಯುಲೇಟರ್ ಏನು ಮಾಡುತ್ತದೆ ಎಂದು ತೆಗೆದು ನೋಡಿದೆ. ಅಲ್ಲಿ, ವಿಜಯವಾಡದಲ್ಲಿದ್ದಾಗ ನಾನೇ ಬರೆದಿಟ್ಟ ಒಂದು ಸಾಲು: ‘ಆಮೇಲೆ ಬರೆಯೋಣ.’ ಅದರ ಕೆಳಗೆ, ‘ಆಯಿತು’ ಎಂದು ಉತ್ತರಿಸುವ ಇನ್ನೊಂದು ಸಾಲು. ನಡುವೆ ಏನೂ ಇಲ್ಲ. ಪಾಪದ ಪ್ರೋಗ್ರಾಂ ವರ್ಷವಿಡೀ ಹೇಳುತ್ತಲೇ ಇತ್ತು, ನನ್ನ ಎಮ್ಯುಲೇಟರ್ ಹೂಂ ಎನ್ನುತ್ತಲೇ ಇತ್ತು. ಥೇಟ್ ನನ್ನದೇ ಬುದ್ಧಿ ಬಂದುಬಿಟ್ಟಿತ್ತು ಅದಕ್ಕೆ. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಚೀಟಿ ಹರಿಯುವ ನಾಲ್ಕು ಸಾಲು ಬರೆದೆ. ಸಂಜೆವರೆಗೂ ಓಡಿಸಿ ನೋಡಿದೆ. ನಾಲ್ಕನೇ ಕೋಣೆ ನಾಲ್ಕೇ ಡಿಗ್ರಿ.

ಭಾನುವಾರ ರೈಲು ಹತ್ತಿ, ಸೋಮವಾರ ಬೆಳಗ್ಗೆ ಪಾರ್ಟಿಯ ಎದುರು ತೋರಿಸಿದೆ. ಎರಡು ಗಂಟೆ ಒಂದು ತಪ್ಪಿಲ್ಲದೆ ನಡೆಯಿತು. ಅವರು ಕೈಕುಲುಕಿ ಹೋದ ಮೇಲೆ ಪ್ರಸಾದ್ ಗಾರು ನನ್ನ ಬೆನ್ನು ತಟ್ಟಿ, ‘ಮಾತು ಅಂದ್ರೆ ಮಾತು. ಇನ್ನು ನಿಮ್ಮನ್ನ ವಿಜಯವಾಡಕ್ಕೆ ಬನ್ನಿ ಅಂತ ಯಾರೂ ಕರೆಯಲ್ಲ’ ಎಂದರು. ನಾನು ಮೂರು ಮಹಡಿ ಹಾರಿಕೊಂಡೇ ಇಳಿದೆ. ರಸ್ತೆಯ ಬದಿಯಲ್ಲೇ ನಿಂತು ಸುಮಾಗೆ ಫೋನ್ ಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ‘ನಾನು ಇನ್ನು ವೈಜಾಗ್ ಬಿಟ್ಟು ಅಲ್ಲಾಡಲ್ಲ ಕಣೇ!’

‘ರೀ, ನನ್ನ ಪ್ರಮೋಷನ್ ಆರ್ಡರ್ ಈಗ ತಾನೇ ಬಂತು. ವಿಜಯವಾಡಕ್ಕೇ ಹಾಕಿದಾರೆ.’

‘ಪ್ರಮೋಷನ್ನಾ? ವಿಜಯವಾಡಕ್ಕಾ? ನನಗೆ ಹೇಳಲೇ ಇಲ್ಲವಲ್ಲೇ!’

‘ಇಂಟರ್‌ವ್ಯೂ ಮುಗಿಸಿ ಬಂದ ದಿನವೇ ಹೇಳಿದ್ನಲ್ರೀ, ಪ್ರಮೋಷನ್ ಆದ್ರೆ ವಿಜಯವಾಡಕ್ಕೇ ಹಾಕ್ತಾರಂತೆ ಅಂತ. ಗೊತ್ತಿದ್ದೂ ಈ ಮನುಷ್ಯ ಯಾಕೆ ಹಿಂಗೆ ಒದ್ದಾಡ್ತಿದಾರೆ ಅಂತ ನನಗೇ ಆಶ್ಚರ್ಯ. ಮರ್ಯಾದೆ ಪ್ರಶ್ನೆ ಇರಬೇಕು ಅಂದ್ಕೊಂಡು ಸುಮ್ಮನಾದೆ.’

ನಾನು ಆ ದಿನ ಏನು ಉತ್ತರ ಕೊಟ್ಟಿದ್ದೆ ಎಂದು ಕೇಳುವ ಧೈರ್ಯವಾಗಲಿಲ್ಲ. ಅಭಿನಂದನೆ ಹೇಳಿ ಫೋನಿಟ್ಟೆ. ಆಮೇಲೆ ಅದೇ ಮೂರು ಮಹಡಿಯನ್ನು ಒಂದೊಂದೇ ಮೆಟ್ಟಿಲಾಗಿ ಹತ್ತಿ ಹೋಗಿ, ನನ್ನನ್ನು ದಯವಿಟ್ಟು ವಿಜಯವಾಡಕ್ಕೆ ಕರೆಸಿಕೊಳ್ಳಿ ಎಂದು ಪ್ರಸಾದ್ ಗಾರು ಅವರನ್ನು ಬೇಡಿಕೊಂಡೆ.