ದಿವಂಗತ ಗಾಣದ ಸ್ಥಳಾಂತರ

ಎಸುಕ್ರೋಮ್ ಸರಕಾರಿ ತಾಳೆಎಣ್ಣೆ ಗಿರಣಿಗೆ ಹದಿನಾಲ್ಕು ಟನ್ ತೂಕದ ಹೊಸ ಗಾಣ ಮಂಜೂರಾಗಿ, ಹಡಗಿನಲ್ಲಿ ತಕೊರಾಡಿ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಗಿರಣಿಯ ಗೇಟಿಗೆ ತಲುಪಿದ್ದು ಸತ್ಯಸಂಗತಿ. ಬಂದರಿನಿಂದ ಜೊತೆಗೇ ಬಂದಿದ್ದ ಕ್ರೇನು ಅದನ್ನು ಗೇಟಿನೊಳಗೆ ಇಳಿಸಿ ಹಿಂದಿರುಗಿತು. ಒಪ್ಪಂದವಿದ್ದದ್ದು ಇಳಿಸುವುದಕ್ಕೆ, ಎತ್ತುವುದಕ್ಕಲ್ಲ. ಗಾಣ ಕೂರಬೇಕಾದ ಅಡಿಪಾಯದ ಗುಂಡಿ ಅಲ್ಲಿಂದ ಒಂದು ಕೂಗಳತೆ ದೂರದಲ್ಲಿ, ಇನ್ನೂ ಸೂರು ಹಾಕದ ಶೆಡ್ಡಿನಲ್ಲಿ ಬಾಯ್ದೆರೆದು ಕಾಯುತ್ತಿತ್ತು.

ಆ ಗುಂಡಿಯನ್ನು ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ತೋಡಿಸಿದವನು ಯಂತ್ರಶಾಲೆಯ ಮೇಲ್ವಿಚಾರಕ ಎಸಿಲ್ಫಿ. ಸುಳ್ಳೆಂದರೆ ಅವನಿಗೆ ಅಜೀರ್ಣ. ತನ್ನ ಮದುವೆಯ ಆಮಂತ್ರಣದಲ್ಲಿ ‘ಸಮಸ್ತ ಬಂಧುಗಳ ಸಮ್ಮುಖದಲ್ಲಿ’ ಎಂದು ಅಚ್ಚಾಗಿದ್ದನ್ನು ‘ಬರಲೊಪ್ಪಿದ ಬಂಧುಗಳ ಸಮ್ಮುಖದಲ್ಲಿ’ ಎಂದು ತಿದ್ದಿಸಿದ್ದರಿಂದ ಮಾವನ ಮನೆಯವರೊಡನೆ ಮಾತು ಬಿಟ್ಟುಹೋಗಿತ್ತು. ಇಂಥ ಮನುಷ್ಯ ಈ ಸಲ ಒಂದು ಮಾತು ಕೊಟ್ಟುಬಿಟ್ಟಿದ್ದ. ಹಳೆಯ ಗಾಣ ಮುರಿದುಬಿದ್ದಾಗ ಊರಿನ ತಾಳೆ ಬೆಳೆಯುವ ಹೆಂಗಸರು ಫಸಲನ್ನು ಖಾಸಗಿ ಗಿರಣಿಯವರಿಗೆ ಒಪ್ಪಿಸುವವರಿದ್ದರು. ಅವರೆಲ್ಲರ ಯಜಮಾನಿ ಎಸಿಲ್ಫಿಯ ಚಿಕ್ಕಮ್ಮ ಅರಾಬಾ. “ಬೇಡ ಚಿಕ್ಕಮ್ಮ, ಗೊನೆ ಕೆಂಪಾಗಿ ಉದುರೋದ್ರೊಳಗೆ ಹೊಸ ಗಾಣ ತಿರುಗುತ್ತೆ,” ಎಂದು ಇವನು ಹೇಳಿದ. ಅವಳು ಖಾಸಗಿಯವರ ಲಾರಿಯನ್ನು ಬರಿದೇ ವಾಪಸು ಅಟ್ಟಿದಳು. ಕೊಯ್ದ ತಾಳೆಹಣ್ಣು ಯಾರಿಗಾಗಿಯೂ ಕಾಯುವುದಿಲ್ಲ, ಹುಳಿತು ಹಾಳಾಗುತ್ತದೆ. ತೋಟಗಳಲ್ಲಿ ಗೊನೆಗಳು ಆಗಲೇ ಬಣ್ಣ ತಿರುಗುತ್ತಿದ್ದವು.

ಗಾಣವನ್ನು ಕೂಗಳತೆ ದೂರ ಸಾಗಿಸುವ ಸಲುವಾಗಿ ‘ಭಾರಯಂತ್ರ ಎತ್ತುವ ಹಾಗೂ ಸರಿಸುವ ಸಾಧನಗಳ ಆಯ್ಕೆ ಸಮಿತಿ’ಯನ್ನು ವಿಧ್ಯುಕ್ತವಾಗಿ ರಚಿಸಲಾಯಿತು. ಅಧ್ಯಕ್ಷರು ಶ್ರೀ ಬೆನ್ಯಾರ್ಕೊ. ಅವರು ಈ ಹಿಂದೆ ಗಿರಣಿಯ ಗೋಡೆ ಗಡಿಯಾರದ ಆಯ್ಕೆ ಸಮಿತಿಯನ್ನು ವರ್ಷಾನುಗಟ್ಟಲೆ ಯಶಸ್ವಿಯಾಗಿ ನಡೆಸಿದವರು. ಗಿರಣಿಯಲ್ಲಿ ಗಡಿಯಾರ ಇರಲಿಲ್ಲ.

“ಮೊದಲು ತೂಕ ಎಷ್ಟು ಅಂತ ಗೊತ್ತಾಗಲಿ,” ಎಂದರು ಬೆನ್ಯಾರ್ಕೊ, ಮೊದಲ ಸಭೆಯಲ್ಲಿ.

“ಹದಿನಾಲ್ಕು ಟನ್ ಸಾರ್. ಗಾಣದ ಮೈಮೇಲೇ ತಗಡಿನಲ್ಲಿ ಕೆತ್ತಿದೆ,” ಎಂದ ಎಸಿಲ್ಫಿ.

“ಕೆತ್ತಿದವರು ಯಾರು?”

“ಮಾಡಿದವರು.”

“ಅಂದ್ರೆ ಮಾರಿದವರು. ನಿಮ್ಮ ಮಗಳು ಸುಂದರಿ ಅಂತ ನೀವೇ ಹೇಳಿದ್ರೆ ನಾನು ಬರ್ಕೊಂಡುಬಿಡ್ಬೇಕೇನ್ರೀ?”

“ನನಗೆ ಮಗಳಿಲ್ಲ ಸಾರ್.”

“ನೋಡಿದ್ರಾ! ಅದನ್ನೂ ನೀವೇ ಹೇಳ್ತಿದ್ದೀರಿ.”

ಆದ್ದರಿಂದ ಸಮಿತಿಯು ಮೂರು ನಿಯಮಗಳನ್ನು ಅಂಗೀಕರಿಸಿತು. ಯಂತ್ರದ ತೂಕವನ್ನು ಅದನ್ನು ಎತ್ತಿಯೇ ತಿಳಿಯತಕ್ಕದ್ದು. ಎತ್ತುವುದನ್ನು ಆಯ್ಕೆಯಾದ ಸಾಧನದಿಂದ ಮಾತ್ರ ಮಾಡತಕ್ಕದ್ದು. ಸಾಧನವನ್ನು ತೂಕ ತಿಳಿದ ತರುವಾಯವೇ ಆಯ್ಕೆ ಮಾಡತಕ್ಕದ್ದು. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಎಸಿಲ್ಫಿ ಮೂರನ್ನೂ ಒಟ್ಟಿಗೆ ಓದಿ ನೋಡಬೇಕೆಂದು ಬಿನ್ನವಿಸಿಕೊಂಡ. ಒಟ್ಟಿಗೆ ಓದುವ ಪದ್ಧತಿ ಇಲ್ಲವೆಂದು ತಿಳಿಸಲಾಯಿತು.

ಆದರೂ ಸಮಿತಿ ಕೈಕಟ್ಟಿ ಕೂರಲಿಲ್ಲ. ಗಾಣವನ್ನು ಎತ್ತುವಂತಿಲ್ಲವಾದರೂ ಸಾಧನಗಳನ್ನು ಪರೀಕ್ಷಿಸಬಾರದೆಂದು ಎಲ್ಲಿಯೂ ಇರಲಿಲ್ಲ. ಎತ್ತಲು ಒಂದು ಭಾರ ಬೇಕು, ಸಮಿತಿಯೂ ಭಾರವಾದದ್ದೇ. ಹಾಗಾಗಿ ಸದಸ್ಯರನ್ನೇ ಎತ್ತಿ ನೋಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಬುಧವಾರ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಲೆಕ್ಕಾಧಿಕಾರಿಯನ್ನು ಮೂರು ಕಂಬಗಳ ಮುಕ್ಕಾಲಿಗೆ ಕಟ್ಟಿದ ಚೈನ್ ಪುಲ್ಲಿಯಿಂದ ಎತ್ತಲಾಯಿತು. ಅವರು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತ ತೃಪ್ತಿ ವ್ಯಕ್ತಪಡಿಸಿದರು. ಉಗ್ರಾಣದ ಅಧಿಕಾರಿಯನ್ನು ಹಲಗೆಯ ಮೇಲೆ ಕೂರಿಸಿ ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸಲಾಯಿತು. ಅವರು ಗೇಟು ದಾಟಿ ರಸ್ತೆಗೆ ಹೋದರು, ಊಟದ ಹೊತ್ತಿಗೆ ಬಂದರು. ಫೋರ್ಕ್‌ಲಿಫ್ಟು ಎತ್ತಿದ ಸದಸ್ಯರು ಎಡಮೊಣಕಾಲಿಗೆ ಸ್ವಲ್ಪ ಒತ್ತುತ್ತದೆ ಎಂದು ಆಕ್ಷೇಪ ದಾಖಲಿಸಿದರು. ಅಧ್ಯಕ್ಷರನ್ನು ಕ್ಯಾಪ್ಟನ್ ಬ್ಲೇ ತನ್ನ ದೊಡ್ಡ ಹಳದಿ ಕ್ರೇನಿನಿಂದ ಕುರ್ಚಿಸಮೇತ ಎತ್ತಿದ. ಬ್ಲೇ ಹಡಗು ಕಂಡವನಲ್ಲ. ಕ್ರೇನು ಕೊಂಡ ದಿನದಿಂದ ಊರು ಅವನನ್ನು ಕ್ಯಾಪ್ಟನ್ ಎನ್ನುತ್ತಿತ್ತು.

“ಏನು ಕಾಣ್ತಿದೆ ಸಾರ್?” ಎಂದು ಬ್ಲೇ ಕೆಳಗಿನಿಂದ ಕೂಗಿದ.

“ಸಮುದ್ರ!” ಎಂದರು ಬೆನ್ಯಾರ್ಕೊ. “ಇಳಿಸಬೇಡವೋ, ಇನ್ನೊಂದು ಸ್ವಲ್ಪ ನೋಡ್ತೀನಿ.”

ಕ್ರೇನಿಗೇ ಹೆಚ್ಚು ಅಂಕ ಬಂದಿತು. ಎಸಿಲ್ಫಿಗೆ ಆ ಮಧ್ಯಾಹ್ನ ಅನ್ನ ರುಚಿಸಿತು. ಆದರೆ ಅಂದೇ ಸಂಜೆಯ ಸಭೆಯಲ್ಲಿ ಲೆಕ್ಕಾಧಿಕಾರಿ ಒಂದು ಸೂಕ್ಷ್ಮವನ್ನು ಎತ್ತಿದರು. ಮನುಷ್ಯರನ್ನು ಎತ್ತಿದ ಸಾಧನ ನಿಯಮದ ಪ್ರಕಾರ ಪ್ರಯಾಣಿಕ ವಾಹನ. ಪ್ರಯಾಣಿಕ ವಾಹನದಲ್ಲಿ ಯಂತ್ರ ಸಾಗಿಸುವಂತಿಲ್ಲ. ಆದಕಾರಣ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಾಧನಗಳೆಲ್ಲವೂ, ತೇರ್ಗಡೆಯಾದ ಕಾರಣದಿಂದಲೇ, ಅನರ್ಹಗೊಂಡವು. ಸಮಿತಿ ಹೊಸ ಸಾಧನಗಳನ್ನು ಮುಂದಿನ ವರ್ಷ ಆಹ್ವಾನಿಸಲು ನಿರ್ಧರಿಸಿತು.

ಮರುದಿನ ಬೆಳ್ಳಂಬೆಳಗ್ಗೆ ಚಿಕ್ಕಮ್ಮ ಅರಾಬಾ ಗೇಟಿಗೆ ಬಂದಳು. ತಲೆಯ ಮೇಲಿನ ಬುಟ್ಟಿಯಿಂದ ಒಂದು ಕೆಂಪು ಹಣ್ಣು ತೆಗೆದು ಎಸಿಲ್ಫಿಯ ಅಂಗೈಗೆ ಹಾಕಿದಳು.

“ಇದೇನು ಬಣ್ಣ ಹೇಳು.”

“ಕೆಂಪು,” ಎಂದ ಎಸಿಲ್ಫಿ. ಬೇರೆ ಬಣ್ಣ ಹೇಳಲು ಅವನಿಂದಾಗಲಿಲ್ಲ.

“ಮತ್ತೆ ನಿನ್ನ ಗಾಣ ಇನ್ನೂ ಗೇಟು ಕಾಯ್ತಾ ಇದೆ! ಆ ವಾಚ್‌ಮನ್‌ಗೆ ದಂಡಕ್ಕೆ ಸಂಬಳ ಕೊಡ್ತಿದ್ದೀರಲ್ಲೋ. ನಿನ್ನ ಮಾತು ನಂಬಿ ಬಂದ ಲಾರೀನ ಬೈದು ಕಳಿಸಿದೆ. ಈಗ ಆ ಹೆಂಗಸರಿಗೆ ನಾನು ಮುಖ ತೋರಿಸ್ಲೋ, ಬೆನ್ನು ತೋರಿಸ್ಲೋ?”

ಎಸಿಲ್ಫಿ ಸಮಿತಿಯ ನಿಯಮಗಳನ್ನು ವಿವರಿಸಿದ. ಅರಾಬಾ ಕೊನೆಯವರೆಗೂ ಕೇಳಿದಳು. ಊರಿನ ಶವಸಂಸ್ಕಾರ ಸಂಘಕ್ಕೂ ಅವಳೇ ಅಧ್ಯಕ್ಷೆ. ಎಸುಕ್ರೋಮ್‌ನಲ್ಲಿ ನೀರು ತಡವಾಗಿ ಬರಬಹುದು, ಸಂಬಳ ತಡವಾಗಿ ಬರಬಹುದು. ಹೆಣ ಮಾತ್ರ ಶನಿವಾರ ಸಂಜೆಯೊಳಗೆ ಗುಂಡಿ ಸೇರಿರುತ್ತದೆ.

“ಇದಕ್ಕೆ ಉಸಿರಿದೆಯೇನೋ?” ಎಂದಳು, ಗಾಣವನ್ನು ನೋಡುತ್ತ.

“ಯಂತ್ರ ಉಸಿರಾಡೋಲ್ಲ ಚಿಕ್ಕಮ್ಮ.”

“ಕೈಕಾಲು ಆಡಿಸುತ್ತಾ?”

“ಸದ್ಯಕ್ಕಿಲ್ಲ.”

“ಮುಟ್ಟಿದೆ, ತಣ್ಣಗಿದೆ. ಅಯ್ಯೋ, ಯಾವಾಗ ಹೋಯ್ತೋ ಏನೋ! ಬಯಲಲ್ಲಿ ಹೀಗೆ ಬಿಟ್ಟಿದ್ದೀರಲ್ಲ, ನಿಮಗೆ ಅಕ್ಕ ತಂಗಿ ಯಾರೂ ಇಲ್ವೇನೋ?”

“ಚಿಕ್ಕಮ್ಮ, ಅದು ಹೊಚ್ಚ ಹೊಸದು.”

“ಪಾಪ, ಎಳೇ ಸಾವು,” ಎಂದು ಅರಾಬಾ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಮುದುಕರಾಗಿದ್ರೆ ಬಿಳಿ ಉಡ್ತಿದ್ವಿ. ಇದಕ್ಕೆ ಕೆಂಪೇ ಆಗ್ಬೇಕು. ನೀನು ಒಂದು ಚೀಟಿ ಬರ್ಕೊಡು, ಮಿಕ್ಕಿದ್ದು ನಂಗೆ ಬಿಡು.”

ಎಸಿಲ್ಫಿ ಸತ್ತಿದೆ ಎಂದು ಬರೆಯಲಿಲ್ಲ. ಅದು ಅವನಿಂದ ಸಾಧ್ಯವಿರಲಿಲ್ಲ. ಅವನು ಬರೆದದ್ದು ಇಷ್ಟು: ಉಸಿರಾಡುತ್ತಿಲ್ಲ, ಅಲುಗಾಡುತ್ತಿಲ್ಲ, ಮೈ ತಣ್ಣಗಿದೆ, ಕರೆದರೂ ಓಗೊಡಲಿಲ್ಲ. ನಾಲ್ಕನೆಯದನ್ನು ಬರೆಯುವ ಮುಂಚೆ ಗಾಣದ ಬಳಿಗೆ ಹೋಗಿ ಎರಡು ಸಲ ಕರೆದು ಬಂದಿದ್ದ. ವಾಚ್‌ಮನ್ ಸಾಕ್ಷಿ.

ಚೀಟಿಯನ್ನು ಓದಿದ ಬೆನ್ಯಾರ್ಕೊ ಎದ್ದು ನಿಂತರು. “ನಮ್ಮ ಅಧಿಕಾರ ಇರೋದು ಯಂತ್ರದ ಮೇಲೆ. ಇದು ಶವ. ಹೆಣಕ್ಕೆ ಟೆಂಡರ್ ಕರೆದವರು ಯಾರಾದ್ರೂ ಇದ್ದಾರೇನ್ರೀ? ಮನೆಯವರು ತಗೊಂಡು ಹೋಗ್ಲಿ.” ಸಮಿತಿಯು ಒಂದು ನಿಮಿಷ ಮೌನ ಆಚರಿಸಿತು. ಅಭ್ಯಾಸಬಲದಿಂದ ಅದು ಸಂಜೆಯವರೆಗೆ ನಡೆಯಿತು.

ಶುಕ್ರವಾರದ ಹೊತ್ತಿಗೆ ಊರಿನ ಗೋಡೆಗಳ ಮೇಲೆ ಪ್ರಕಟಣೆ ಬಿದ್ದಿತ್ತು. ಮೇಲೆ ಗಾಣದ ಭಾವಚಿತ್ರ; ಟಾರ್ಪಾಲನ್ನು ಹೆಗಲ ಮೇಲಿನ ವಸ್ತ್ರದಂತೆ ಮಡಿಸಿ ಹೊದಿಸಲಾಗಿತ್ತು.

“ಎಂಥ ಆಘಾತ! ಎಸುಕ್ರೋಮ್ ಗಿರಣಿಯ ಹೊಸ ಗಾಣವು ಗೇಟಿನ ಬಳಿ ದೀರ್ಘಕಾಲ ನಿಂತು ನಮ್ಮನ್ನಗಲಿದೆ ಎಂದು ತಿಳಿಸಲು ವಿಷಾದಿಸುತ್ತೇವೆ. ಕುಟುಂಬದ ಹಿರಿಯರು: ಶ್ರೀ ಎಸಿಲ್ಫಿ. ಪತ್ನಿ: ಇಲ್ಲ. ಅಗಲಿಕೆಯಿಂದ ನೊಂದವರು: ಪಂಪು, ಹಳೆಯ ಬಾಯ್ಲರು (ಅಸ್ವಸ್ಥ) ಮತ್ತು ಆಯ್ಕೆ ಸಮಿತಿ. ಉಡುಪು: ಕೆಂಪು, ಕಪ್ಪು. ಶನಿವಾರ ಅಂತ್ಯಕ್ರಿಯೆ. ಬಾರದ ಸದಸ್ಯರಿಗೆ ಸಂಘದ ನಿಯಮದಂತೆ ದಂಡ.”

ಕ್ಯಾಪ್ಟನ್ ಬ್ಲೇ ಸಂಘದ ಸದಸ್ಯ. ಅವನು ಶನಿವಾರ ಬೆಳಗ್ಗೆಯೇ ಕ್ರೇನನ್ನು ತೊಳೆದು, ಅದರ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ.

“ಬಾಡಿಗೆಗೆ ಬರ್ತೀನಿ ಅಂದಾಗ ಬೇಡ ಅಂದ್ರು,” ಎಂದು ಗೊಣಗಿದ. “ಈಗ ದಂಡಕ್ಕೆ ಹೆದರಿ ಪುಕ್ಕಟೆ ಬಂದಿದ್ದೀನಿ.”

“ಬಾಯ್ಮುಚ್ಚೋ. ಹೋದೋರ ಎದುರಿಗೆ ಬಾಡಿಗೆ ಮಾತಾಡ್ತಾರೇನೋ?” ಎಂದಳು ಅರಾಬಾ.

ಗಾಣಕ್ಕೆ ಎತ್ತುವ ಪಟ್ಟಿ ಬಿಗಿದು ಮೇಲಕ್ಕೆತ್ತಿದಾಗ ಹೆಂಗಸರು ಗೋಳೋ ಎಂದರು, ಬ್ಯಾಂಡಿನವರು ಶುರು ಮಾಡಿದರು. ಮೆರವಣಿಗೆ ಹೊರಟಿತು. ಅರ್ಧ ದಾರಿಯಲ್ಲಿ ಒಂದು ತೊಡಕು ಬಂದಿತು. ಎಸುಕ್ರೋಮ್‌ನಲ್ಲಿ ಹೆಣ ಹೊರುವವರು ಕುಣಿಯದೆ ಗುಂಡಿ ಮುಟ್ಟುವುದಿಲ್ಲ.

“ಕುಣಿಸೋ ಕ್ಯಾಪ್ಟನ್, ಕುಣಿಸೋ! ಹೋದ ಜೀವಕ್ಕೆ ಅಷ್ಟೂ ಬೇಡ್ವೇನೋ?” ಎಂದು ಹೆಂಗಸರು ಕೂಗಿದರು. ಬ್ಲೇ ಬ್ಯಾಂಡಿನ ತಾಳಕ್ಕೆ ಕ್ರೇನಿನ ತೋಳನ್ನು ಎಡಕ್ಕೆ ತೂಗಿದ, ಬಲಕ್ಕೆ ತೂಗಿದ. ಹದಿನಾಲ್ಕು ಟನ್ ಗಾಣ ಸೊಂಟ ಬಳುಕಿಸಿತು. ಕ್ರೇನಿನ ಹಿಂದಿನ ಚಕ್ರವೊಂದು ನೆಲ ಬಿಟ್ಟು ಮೇಲೆದ್ದಿತು.

“ಬೇಡವೋ! ಬೇಡವೋ! ನಿಲ್ಲಿಸ್ರೋ!” ಎಂದು ಎಸಿಲ್ಫಿ ತಲೆಯ ಮೇಲೆ ಕೈಹೊತ್ತು ಓಡಿಬಂದ.

“ಪಾಪ, ಹಿರಿಯರಿಗೆ ತಡೀಲಾಗ್ತಿಲ್ಲ,” ಎಂದು ಇಬ್ಬರು ಅವನನ್ನು ರಟ್ಟೆ ಹಿಡಿದು ಸಂತೈಸಿದರು. ಚಕ್ರ ದೊಪ್ಪನೆ ನೆಲಕ್ಕೆ ಬಂತು. ಕುಣಿತ ಬಹಳ ಚೆನ್ನಾಗಿತ್ತು ಎಂದು ಎಲ್ಲರೂ ಒಪ್ಪಿದರು.

ಗುಂಡಿಯ ಅಂಚಿನಲ್ಲಿ ಬೆನ್ಯಾರ್ಕೊ ಶ್ರದ್ಧಾಂಜಲಿ ಓದಿದರು. “ದಿವಂಗತರು ಮಿತಭಾಷಿಗಳು. ಸಮಿತಿಯ ಯಾವ ತೀರ್ಮಾನವನ್ನೂ ಒಮ್ಮೆಯೂ ವಿರೋಧಿಸಲಿಲ್ಲ. ಅವರ ತೂಕ ಕೊನೆಗೂ ನಮಗೆ ತಿಳಿಯಲಿಲ್ಲ. ದೊಡ್ಡವರ ತೂಕವೇ ಹಾಗೆ, ಯಾರಿಗೂ ತಿಳಿಯುವುದಿಲ್ಲ.” ಅನೇಕರು ಮೂಗೊರೆಸಿಕೊಂಡರು.

ಬ್ಲೇ ಗಾಣವನ್ನು ಮೆಲ್ಲನೆ ಇಳಿಸಿದ. ಎಸಿಲ್ಫಿ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಒಳಗೆ ಇಣುಕುತ್ತ, “ಇನ್ನೊಂಚೂರು... ಎಡಕ್ಕೆ... ಬಿಡು,” ಎನ್ನುತ್ತಿದ್ದ. ಇಷ್ಟು ಹಚ್ಚಿಕೊಂಡ ಸಂಬಂಧಿಕನನ್ನು ಊರು ಕಂಡಿರಲಿಲ್ಲ. ಬೋಲ್ಟುಗಳು ತಮ್ಮ ತಮ್ಮ ತೂತುಗಳಲ್ಲಿ ಕೂತವು. ಆಮೇಲೆ ಅವನ ಕೋರಿಕೆಯಂತೆ ಬಂಧುಮಿತ್ರರು ಸಾಲಾಗಿ ಬಂದು ಹಿಡಿಮಣ್ಣಿನ ಬದಲು ಒಂದೊಂದು ಬಾಂಡ್ಲಿ ಕಲಸಿದ ಸಿಮೆಂಟು ಹಾಕಿದರು. ಅವನು ಜೇಬಿನಿಂದ ಸಮತಟ್ಟು ಪರೀಕ್ಷಿಸುವ ರಸಮಟ್ಟ ತೆಗೆದು ಗಾಣದ ಎದೆಯ ಮೇಲಿಟ್ಟ. ಅದು ಅವರ ಮನೆತನದ ಪದ್ಧತಿ ಇರಬೇಕೆಂದು ಗಂಡಸರೆಲ್ಲ ಟೋಪಿ ತೆಗೆದರು. ಗುಳ್ಳೆ ನಟ್ಟನಡುವೆ ನಿಂತಿತ್ತು. ಎಸಿಲ್ಫಿ ನಿಜಕ್ಕೂ ಅತ್ತ.

ಸಿಮೆಂಟು ಗಟ್ಟಿಯಾಗುವವರೆಗೆ ಸೂತಕ ಹಿಡಿಯಲಾಯಿತು. ಯಾರೂ ಗಾಣವನ್ನು ಮುಟ್ಟಲಿಲ್ಲ. ಸೂತಕ ಕಳೆದ ದಿನ ಹೆಂಗಸರು ಗೊನೆ ಕೊಯ್ದು ತಂದು ಸುರಿದರು, ಎಸಿಲ್ಫಿ ಸ್ವಿಚ್ಚು ಒತ್ತಿದ, ಗಾಣ ತಿರುಗಿತು. ಒಂದು ಹಣ್ಣೂ ಹುಳಿಯಲಿಲ್ಲ.

“ಮಾತು ಉಳಿಸ್ಕೊಂಡೆ, ಮಗನೇ,” ಎಂದಳು ಅರಾಬಾ.

ದಿವಂಗತ ಗಾಣ ಎಣ್ಣೆ ತೆಗೆಯುತ್ತಿರುವುದು ಹೇಗೆ ಎಂದು ಮೇಲಿನ ಕಚೇರಿ ವಿವರಣೆ ಕೇಳಿತು. ಮರಣೋತ್ತರ ಚಟುವಟಿಕೆ ತಮ್ಮ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಬೆನ್ಯಾರ್ಕೊ ಉತ್ತರಿಸಿದರು. ಅದನ್ನು ಸಮಂಜಸವೆಂದು ಒಪ್ಪಿ ಮೇಲಿನ ಕಚೇರಿ ಸಂತಾಪ ಸೂಚಿಸಿತು. ಅನಂತರ ಪಕ್ಕದ ಜಿಲ್ಲೆಯ ಗಿರಣಿಯೊಂದು ಆಸ್ತಿಯ ಹಕ್ಕು ಮಂಡಿಸಿತು. ನಮ್ಮಲ್ಲಿ ನಡೆಯುವುದು ಅಳಿಯಸಂತಾನ; ಒಂದೇ ಕಾರ್ಖಾನೆಯ ಹೆಣ್ಣುಸಂತತಿಯಲ್ಲಿ ಹುಟ್ಟಿದ ತಮ್ಮ ಗಿರಣಿಯ ಚಿಕ್ಕ ಗಾಣವೇ ದಿವಂಗತರ ಸೋದರಳಿಯ ಎಂಬುದು ಅವರ ವಾದ. ಹಿರಿಯರೆಲ್ಲ ಕೂತು ವಿಚಾರಿಸಿ ಒಂದು ಹೆಚ್ಚುವರಿ ಬೆಲ್ಟು ಮತ್ತು ಎಣ್ಣೆಯ ಡಬ್ಬಿಯನ್ನು ಅಳಿಯನಿಗೆ ಕೊಟ್ಟು ಕಳಿಸಿದರು. ಗಾಣದ ಪುಣ್ಯತಿಥಿಗೆ ಗಿರಣಿಗೆ ರಜೆ. ಆ ದಿನ ಗಾಣ ಕೂಡ ಗೌರವಾರ್ಥವಾಗಿ ನಿಂತಿರುತ್ತದೆ.

ಮುಂದಿನ ಮಳೆಗಾಲ ಮುಗಿದ ಮೇಲೆ ಹಳೆಯ ಬಾಯ್ಲರಿನ ಜಾಗಕ್ಕೆ ಹೊಸ ಬಾಯ್ಲರು ಬಂತು. ಬಂದರಿನ ಕ್ರೇನು ಅದನ್ನು ಗೇಟಿನೊಳಗೆ ಇಳಿಸಿ ಹೊರಟುಹೋಯಿತು. ಬೆನ್ಯಾರ್ಕೊ ಕಪ್ಪು ಬಟ್ಟೆ ಒಗೆಯಲು ಕೊಟ್ಟರು. ಬ್ಲೇ ಕ್ರೇನು ತೊಳೆಯತೊಡಗಿದ. ಅರಾಬಾ ಬ್ಯಾಂಡಿನವರಿಗೆ ಶನಿವಾರಕ್ಕೆ ಮುಂಗಡವಾಗಿ ಹೇಳಿ ಕಳಿಸಿದಳು.

ಎಸಿಲ್ಫಿ ಗೇಟಿಗೆ ಬಂದ. ಬಾಯ್ಲರಿನ ಹೊಳೆಯುವ ಮೈಮೇಲೆ ಅಂಗೈಯಿಟ್ಟು ನೋಡಿದ. ಬೆಳಗಿನಿಂದ ಬಿಸಿಲಲ್ಲಿದ್ದುದರಿಂದ ಅದು ಬೆಚ್ಚಗಿತ್ತು. ಇದ್ದದ್ದನ್ನು ಇದ್ದಂತೆ ಬರೆಯುವ ಮನುಷ್ಯನಿಗೆ ಇದು ಸಣ್ಣ ಸಮಸ್ಯೆಯಲ್ಲ.

“ಇನ್ನೂ ಬೆಚ್ಚಗಿದೆ,” ಎಂದ.

ವಾಚ್‌ಮನ್ ಟೋಪಿ ತೆಗೆದು ಎದೆಗೊತ್ತಿಕೊಂಡು, ಅವನ ಭುಜ ತಟ್ಟಿದ. “ಧೈರ್ಯ ತಂದ್ಕೊಳ್ಳಿ ಸಾರ್. ಸಂಜೆಯೊಳಗೆ ತಣ್ಣಗಾಗುತ್ತೆ.”