ಸಮಿತಿಯವನ ಮುಖ

ಹಾಲ್ವರ್ ಬ್ರೆಕೆ ಬೆಳಿಗ್ಗೆ ಅಂಚೆಪೆಟ್ಟಿಗೆಯ ಮುಂದೆ ನಿಂತು ಒಂದು ನಿಟ್ಟುಸಿರು ಬಿಟ್ಟದ್ದೇ ತಪ್ಪಾಯಿತು. ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿದ್ದರೂ ಹೂವಿನ ಬೀಜದ ಪಟ್ಟಿ ಅವಳ ಹೆಸರಿಗೇ ಬಂದಿತ್ತು. ಅದರ ಕೆಳಗೆ ಸಮಿತಿಯಿಂದ ಬಂದ ದಪ್ಪ ಲಕೋಟೆ. ಬೇಲಿಯಾಚೆಯ ಡೆಲೋರಿಸ್ ಕ್ವಿಸ್ಟ್‌ಗೆ ಕಂಡದ್ದು ಲಕೋಟೆ ಮತ್ತು ನಿಟ್ಟುಸಿರು ಮಾತ್ರ.

ಮಿನೆಸೋಟದ ಆ ಊರಿನಲ್ಲಿ ಅರವತ್ತು ದಾಟಿದವರಲ್ಲಿ ಅರ್ಧ ಜನ ಮಂಡಿನೋವಿನ ಹೊಸ ಮಾತ್ರೆಯ ಪರೀಕ್ಷೆಗೆ ಸೇರಿದ್ದರು. ಕೆಲವರಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಸಪ್ಪೆ ಮಾತ್ರೆ. ಯಾರಿಗೆ ಯಾವುದೆಂದು ನುಂಗುವವರಿಗೂ ತಿಳಿಯದು, ಕೊಡುವ ವೈದ್ಯರಿಗೂ ತಿಳಿಯದು. ಅದರಿಂದ ಜನರಿಗೆ ಕೇಡಾಗುತ್ತಿದೆಯೇ ಎಂದು ನಡುನಡುವೆ ಪರಿಶೀಲಿಸಲು, ಮಾತ್ರೆ ಮಾಡುವ ಕಂಪನಿಯ ಹಂಗಿಲ್ಲದ ಐದು ಜನರ ಸಮಿತಿಯೊಂದಿತ್ತು. ನಿವೃತ್ತ ಸಂಖ್ಯಾಶಾಸ್ತ್ರಜ್ಞನಾದ ಹಾಲ್ವರ್ ಅದರಲ್ಲೊಬ್ಬ. ಅಲ್ಲಿಯ ಒಂದು ಮಾತು ಹೊರಬಿದ್ದರೂ ಮೂರು ವರ್ಷದ ಪರೀಕ್ಷೆ ಮಣ್ಣುಪಾಲಾಗುತ್ತಿತ್ತು. ತಾನು ಸಮಿತಿಯಲ್ಲಿರುವುದನ್ನೂ ಅವನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು ಹೆಮ್ಮೆ ತಡೆಯಲಾರದೆ ಒಬ್ಬರಿಗೆ ಮಾತ್ರ ಹೇಳಿದ್ದಳು. ಆ ಒಬ್ಬರು ಡೆಲೋರಿಸ್.

ಒಂಬತ್ತು ಗಂಟೆಯೊಳಗೆ ನಿಟ್ಟುಸಿರು ಹನ್ನೊಂದು ಮನೆ ದಾಟಿತ್ತು. ಹಾಲ್ವರ್ ಕಾಫಿ ಅಂಗಡಿಗೆ ಹೋದಾಗ ಮಾತೆಲ್ಲ ಬೆಂಕಿಗೆ ನೀರು ಸುರಿದಂತೆ ನಿಂತಿತು.

"ಇವತ್ತು ಸೇಬಿನ ಕಡುಬು ಬೇಡ, ಬರೀ ಕಾಫಿ ಸಾಕು" ಎಂದ.

"ನೋಡಿದ್ರಾ, ಊಟ ತಿಂಡಿ ಸೇರ್ತಿಲ್ಲ" ಎಂದ ಮೂಲೆಯಲ್ಲಿದ್ದ ಐನಾರ್ ಫೋಸಮ್. "ನಮ್ಮ ಕತೆ ಮುಗೀತು."

ಹಾಲ್ವರ್ ಗಾಬರಿಯಾಗಿ ಒಂದಲ್ಲ, ಎರಡು ತುಂಡು ಸೇಬಿನ ಕಡುಬು ತಿಂದ.

"ಎರಡು ತಿಂದ. ಹಾಗಾದ್ರೆ ಒಳ್ಳೇ ಸುದ್ದಿ. ನಾಳೆಯಿಂದ ನಾನೂ ಎರಡೆರಡು ಮಾತ್ರೆ ನುಂಗ್ತೀನಿ ಬಿಡು" ಎಂದ ಐನಾರ್.

ಮಧ್ಯಾಹ್ನದ ಹೊತ್ತಿಗೆ ನಿಟ್ಟುಸಿರಿನ ಪಂಗಡ ಮಾತ್ರೆ ಬಿಡಲು ಹೊರಟಿತ್ತು, ಕಡುಬಿನ ಪಂಗಡ ಇಮ್ಮಡಿ ನುಂಗಲು ಹೊರಟಿತ್ತು. ಹಾಲ್ವರ್ ಇಗರ್ಜಿಗೆ ಓಡಿದ. ಅಲ್ಲಿಯ ನೆಲಮಾಳಿಗೆಯಲ್ಲಿ ಹೆಂಗಸರು ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದರು. ಪಾದ್ರಿಗಳೂ ಇದ್ದರು.

"ಪಾದ್ರಿಗಳೇ, ಆಣೆ ಇಡ್ಲಾ?"

"ಆಣೆ ಯಾಕಪ್ಪ. ದೇವರು ಕೇಳಿಸ್ಕೊಳ್ತಾನೆ ಅಂತ ನೆನೆದು ಹೇಳು, ಸಾಕು."

"ನನ್ನ ಕಾಗದದಲ್ಲಿ ಎ ಗುಂಪು, ಬಿ ಗುಂಪು ಅಂತ ಅಷ್ಟೇ ಇರೋದು. ನಿಜವಾದ ಮಾತ್ರೆ ಯಾವ ಗುಂಪಿಗೆ ಅಂತ ನನಗೂ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

ಡೆಲೋರಿಸ್ ಲಟ್ಟಣಿಗೆ ಕೆಳಗಿಟ್ಟಳು. "ಮೊದಲೇ ಹೇಳೋಕೇನಾಗಿತ್ತೋ? ಇಷ್ಟು ವರ್ಷ ನಿನ್ನನ್ನ ತಿಳಿದವನು ಅಂದ್ಕೊಂಡಿದ್ವಲ್ಲ."

ಆ ಅವಮಾನ ಹಾಲ್ವರ್‌ಗೆ ತಂಗಾಳಿಯಂತೆ ತಾಕಿತು. ಹೇಳಿದಷ್ಟೇ ಮಾತ್ರೆ ನುಂಗುವುದಾಗಿ ಅಲ್ಲಿದ್ದವರೆಲ್ಲ ಒಪ್ಪಿದರು.

ಸಂಜೆ ಐದಕ್ಕೆ ಕಂಪ್ಯೂಟರಿನಲ್ಲಿ ಸಮಿತಿ ಸೇರಿತು. ಅಧ್ಯಕ್ಷೆ ಡಾಕ್ಟರ್ ಮೆರಿವೆದರ್ ಕನ್ನಡಕ ತೆಗೆದರು.

"ಎರಡು ಗುಂಪಿಗೂ ಅಂತರ ಜಾಸ್ತಿಯಾಗಿದೆ. ಯಾವುದು ಯಾವುದು ಅಂತ ತಿಳಿಯದೆ ಜನರ ಆರೋಗ್ಯದ ವಿಷಯ ತೀರ್ಮಾನಿಸೋದು ಧರ್ಮ ಅಲ್ಲ. ಇವತ್ತು ಗುಟ್ಟು ಬಿಚ್ಚೋಣ."

"ಇವತ್ತೇನಾ? ಸೋಮವಾರ ಆಗಲ್ವಾ?" ಎಂದ ಹಾಲ್ವರ್.

"ಕೇಡಾಗ್ತಿದ್ರೆ ಅದು ಸೋಮವಾರದವರೆಗೆ ಕಾಯುತ್ತಾ, ಹಾಲ್ವರ್?"

ಗುಟ್ಟು ಬಿಚ್ಚಿದರು. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೇಡೇನೂ ಇರಲಿಲ್ಲ. ಆದರೆ ಖಚಿತವಾಗಿ ಹೇಳಲು ಇನ್ನೂ ಆರು ತಿಂಗಳು ಬೇಕು. ಪರೀಕ್ಷೆ ಹಾಗೆಯೇ ಮುಂದುವರಿಯಲಿ, ಯಾರೂ ತುಟಿ ಬಿಚ್ಚಬಾರದು ಎಂದು ತೀರ್ಮಾನವಾಯಿತು.

ಕಂಪ್ಯೂಟರ್ ಮುಚ್ಚುವಷ್ಟರಲ್ಲಿ, ಪರೀಕ್ಷೆಗೆ ಸೇರುವ ಮುಂಚೆ ಕೋಲೂರಿ ನಡೆಯುತ್ತಿದ್ದ ಡೆಲೋರಿಸ್ ಜಗಲಿಯ ಮೂರು ಮೆಟ್ಟಿಲನ್ನು ಕೋಲಿಲ್ಲದೆ ಹತ್ತಿ ಬಂದಳು. ಒಂದು ಕೈಯಲ್ಲಿ ಹಬೆಯಾಡುವ ಮಾಂಸದ ಪಲ್ಯದ ತಟ್ಟೆ, ಇನ್ನೊಂದರಲ್ಲಿ ಫೋನು.

"ಬೆಳಿಗ್ಗೆ ನಿನ್ನನ್ನ ಗೋಳುಹೊಯ್ಕೊಂಡ್ವಿ, ತಪ್ಪಾಯ್ತು, ತಿನ್ನು. ಫೋನಲ್ಲಿರೋ ಈ ಐನಾರ್ ಒಬ್ಬ ನಂಬ್ತಿಲ್ಲ ನೋಡು. ಮಧ್ಯಾಹ್ನ ಹೇಳಿದ್ದನ್ನೇ ಇವನಿಗೊಂದ್ಸಲ ಹೇಳಿಬಿಡು, ನನಗೇನೂ ಗೊತ್ತಿಲ್ಲ ಅಂತ."

ಹಾಲ್ವರ್ ಹುಟ್ಟಿದಂದಿನಿಂದ ಸುಳ್ಳು ಹೇಳಿದವನಲ್ಲ. ನಿಜ ಹೇಳುವಂತಿಲ್ಲ. ಮಾತಾಡದಿರಲು ಉಳಿದದ್ದು ಒಂದೇ ದಾರಿ: ದೊಡ್ಡ ಚಮಚದ ತುಂಬ ಪಲ್ಯ ತುಂಬಿಕೊಂಡು ಬಾಯಿಗೆ ಹಾಕಿದ. ಅದು ಕೆಂಡದಂತಿತ್ತು. ನಾಲಗೆ ಸುಟ್ಟಿತು, ಕಣ್ಣಲ್ಲಿ ಬಳಬಳನೆ ನೀರು ಸುರಿಯಿತು.

ಡೆಲೋರಿಸ್ ಆ ಮುಖ ನೋಡಿ ಫೋನಿನಲ್ಲಿ ದನಿ ತಗ್ಗಿಸಿದಳು.

"ಐನಾರ್, ಪಾಪ, ಅಳ್ತಿದ್ದಾನೆ ಕಣೋ. ಎಲ್ಲರಿಗೂ ಹೇಳು, ಮಾತ್ರೆ ಕಸಕ್ಕೆ ಹಾಕ್ಲಿ. ನಾನೂ ಮನೆಗೆ ಹೋಗಿ ಅದನ್ನೇ ಮಾಡ್ತೀನಿ."

ಹಾಲ್ವರ್ ಎರಡೂ ಕೈ ಎತ್ತಿ, ತುಂಬಿದ ಬಾಯಲ್ಲೇ, ಬೇಡ ಬೇಡವೆಂದು ಜೋರಾಗಿ ತಲೆಯಾಡಿಸಿದ.

"ತಲೆ ಬೇರೆ ಅಲ್ಲಾಡಿಸ್ತಿದ್ದಾನೆ" ಎಂದಳು ಡೆಲೋರಿಸ್, ಮೆಟ್ಟಿಲು ಸರಸರನೆ ಇಳಿಯುತ್ತ. "ನಮಗೆ ಇನ್ನು ಆಸೆಯೇ ಇಲ್ವಂತೆ."