ಆರು ಬೀರಪ್ಪಂದಿರೂ ಒಂದು ಬಟನ್ನೂ

ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನಮ್ಮ ಶಾಲೆಯ ಹೆಡ್‌ಮಾಸ್ತರರಾದ ಪಾಟೀಲ ಸರ್. ಎರಡನೆಯವಳು ನಾನೇ. ಅವರಾದರೂ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನನ್ನ ಮನಸ್ಸಿಗೆ ನೋವಾಗದ ಹಾಗೆ ಹೇಳಿದರು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ‘ಆಗುವುದಿಲ್ಲ’ ಎಂಬ ಮಾತೇನೂ ನನಗೆ ಹೊಸದಲ್ಲ. ಕಾಲೇಜಿಗೆ ಹೋಗುತ್ತೇನೆ ಎಂದಾಗ ನಮ್ಮ ಕಾಕಾ, ಬಿ.ಎ. ಮಾಡಿ ಕುರಿಗಳಿಗೆ ಇತಿಹಾಸ ಹೇಳುತ್ತಾಳೇನು ಎಂದು ಅಪ್ಪನನ್ನು ಕೇಳಿದ್ದ. ಅಪ್ಪ ಅವ್ವ ಕುರಿ ಹಿಂಡಿನ ಹಿಂದೆ ಊರಿಂದೂರಿಗೆ ಹೋಗುತ್ತಿದ್ದರೆ ನಾನು ಅಜ್ಜಿಯ ಹತ್ತಿರ ಉಳಿದು ಓದಿದೆ. ಬೀಳಗಿಯಿಂದ ಬಾಗಲಕೋಟೆಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋದೆ. ನನ್ನ ಡಿಗ್ರಿ ಅರ್ಧ ಕಾಲೇಜಿನಲ್ಲಿ ಆಗಿದ್ದರೆ ಇನ್ನರ್ಧ ಆ ಬಸ್ಸಿನ ಕಂಬಿ ಹಿಡಿದುಕೊಂಡೇ ಆದದ್ದು. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡ ಮೊದಲನೆಯವಳು ನಾನು. ಇದನ್ನು ಹೇಳಲು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ. ಸಿಗದಿದ್ದರೆ ಈಗ ಮಾಡಿದ ಹಾಗೆ ಅವಕಾಶ ಮಾಡಿಕೊಂಡು ಹೇಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ಹೊಳೆ ದಂಡೆಯ ನಮ್ಮ ಸಣ್ಣ ಊರಿನ ಶಾಲೆಗೆ ಗೋಡೆಯ ಅರ್ಧದಷ್ಟಗಲದ ಒಂದು ಸ್ಕ್ರೀನ್ ಬಂತು. ಬೆರಳು ತಾಗಿಸಿದರೆ ಚಿತ್ರ ಬರುತ್ತದೆ, ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರ ದೊಡ್ಡದಾಗುತ್ತದೆ. ಜೋಡಿಸಲು ಬಂದವರು ಹೋಗುವ ಮೊದಲು ಮೇಲಿನಿಂದ ಕಾಣುವ ನಮ್ಮ ಊರಿನ ನಕಾಶೆಯನ್ನು ತೆರೆದು ತೋರಿಸಿದರು. ಏಳನೆಯ ತರಗತಿಯ ಮಕ್ಕಳು ಬಾಯಿ ತೆರೆದು ನಿಂತರು. ಮಾಳವ್ವ ಎಂಬ ಹುಡುಗಿ ಮುಂದೆ ಬಂದು, “ಅಕ್ಕೋರ, ನಮ್ಮ ಕುರಿ ಕಾಣತಾವೇನ್ರಿ?” ಎಂದು ಕೇಳಿದಳು. ಇಪ್ಪತ್ತಮೂರು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನಕಾಶೆ ನೋಡಿ ಒಂದು ಮಗು ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಆದರೆ ಸ್ಕ್ರೀನಿನ ಜೊತೆ ಒಂದು ಪತ್ರವೂ ಬಂದಿತ್ತು. ಶಾಲೆಯ ಒಬ್ಬ ಶಿಕ್ಷಕರಾದರೂ ಒಂದು ತಿಂಗಳ ಆನ್‌ಲೈನ್ ತರಬೇತಿ ಮುಗಿಸಿ, ತಮ್ಮ ತರಗತಿಯ ಎಲ್ಲ ಮಕ್ಕಳಿಗೂ ಆನ್‌ಲೈನ್ ಪರೀಕ್ಷೆ ನಡೆಸಿ ತೋರಿಸಬೇಕು. ಇಲ್ಲದಿದ್ದರೆ ಸ್ಕ್ರೀನನ್ನು ಮುಧೋಳದ ಕಡೆಯ ದೊಡ್ಡ ಶಾಲೆಯೊಂದಕ್ಕೆ ಒಯ್ಯುತ್ತಾರೆ. ಪಾಟೀಲ ಸರ್‌ಗೆ ನಿವೃತ್ತಿ ಹತ್ತಿರವಿತ್ತು. ಉಳಿದ ಒಬ್ಬ ಮಾಸ್ತರರು ಬೇರೆ ಕೆಲಸದ ಮೇಲೆ ತಾಲೂಕಿಗೆ ಹೋಗಿದ್ದರು. ಕೊನೆಗೆ ಉಳಿದವಳು ನಾನು. ಮಾಳವ್ವನ ಕುರಿ ಇನ್ನೂ ಕಂಡಿರಲಿಲ್ಲ. ಹೆಸರು ಕೊಟ್ಟೆ.

ತರಬೇತಿ ದಿನಾ ಸಂಜೆ ಐದೂವರೆಗೆ, ಮನೆಯಲ್ಲೇ ಕುಳಿತು. ಮೊದಲ ದಿನ ಇಳಕಲ್ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಯಾರೋ ಸಾಹೇಬರು ಸ್ಕ್ರೀನಿನಲ್ಲಿ ಕಾಣಿಸಿಕೊಂಡರು. ಅಧಿಕಾರಿಗಳು ಬಂದರೆ ಎದ್ದು ನಿಲ್ಲುವುದು ನನ್ನ ರಕ್ತದಲ್ಲೇ ಇದೆ. ಎದ್ದು ನಿಂತು ಕೈಮುಗಿದೆ. ನಲವತ್ತು ಜನ ಶಿಕ್ಷಕರಿಗೆ ಆ ಹೊತ್ತು ಕಂಡದ್ದು ನನ್ನ ಸೀರೆಯ ನೆರಿಗೆ ಮಾತ್ರವಂತೆ. ಎರಡನೆಯ ದಿನ ಕೈಯೆತ್ತುವ ಗುರುತು ಏನೆಂದು ನೋಡಲು ಒತ್ತಿದೆ. ಒತ್ತಿದ್ದು ತಿಳಿಯಿತು, ಇಳಿಸುವುದು ತಿಳಿಯಲಿಲ್ಲ. ಒಂದು ಗಂಟೆ ನನ್ನ ಹಳದಿ ಕೈ ಮೇಲೆಯೇ ಇತ್ತು. ತರಬೇತಿ ಕೊಡುತ್ತಿದ್ದ ಹುಡುಗಿ, ನನ್ನ ಮಗಳ ವಯಸ್ಸಿನವಳು, ಮೂರು ಸಲ ಏನಾದರೂ ಅನುಮಾನವಿದೆಯೇ ಎಂದು ಕೇಳಿದಳು. ಮೂರು ಸಲವೂ ಇಲ್ಲ ಎಂದೆ. ಮೂರನೆಯ ದಿನ ಮೈಕು. ನನ್ನ ಜೊತೆಯಲ್ಲೇ ಇರುವ ಅವ್ವ ಹಿಂದಿನಿಂದ, ಯಾರ ಜೊತೆ ಮಾತಾಡುತ್ತಿದ್ದೀ, ಆಕೆಯ ಊಟವಾಯಿತೇನು ಕೇಳು ಎಂದದ್ದು ಇಡೀ ಜಿಲ್ಲೆಗೆ ಕೇಳಿಸಿತು. ಆ ಹುಡುಗಿ ಪಾಠ ನಿಲ್ಲಿಸಿ, “ಆಗಿದೆ ಅಮ್ಮಾ” ಎಂದಳು. ಅಂದಿನಿಂದ ಅವ್ವ ದಿನಾ ಸಂಜೆ ಬಾಗಿಲ ಹತ್ತಿರ ಬಂದು ಕುಳಿತುಕೊಳ್ಳತೊಡಗಿದಳು.

ಇಷ್ಟಾದರೂ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ನನಗೆ ಹೆದರಿಕೆಗಿಂತ ಕುತೂಹಲ ಹೆಚ್ಚು. ಬಟನ್ ಕಂಡರೆ ಒತ್ತಬೇಕು ಅನ್ನಿಸುತ್ತದೆ. ಹೀಗೆ ಒತ್ತಿ ಒತ್ತಿ ಒಂದು ಸಲ ಅಕ್ಷರಗಳೆಲ್ಲ ಹಸಿರಾದವು, ಇನ್ನೊಂದು ಸಲ ಇಡೀ ಪಾಠ ಅಡ್ಡಡ್ಡ ತಿರುಗಿ ನಿಂತಿತು. ನಾಲ್ಕು ದಿನ ಕುತ್ತಿಗೆ ಓರೆಮಾಡಿಕೊಂಡು ಓದಿದ್ದೇನೆ. ಆದರೂ ತಿಂಗಳ ಕೊನೆಯ ಹೊತ್ತಿಗೆ ನದಿಗಳ ಮೇಲೆ ಹತ್ತು ಪ್ರಶ್ನೆಗಳ ಒಂದು ಫಾರ್ಮನ್ನು ನಾನೇ ತಯಾರಿಸಿದೆ. ಮಕ್ಕಳು ಶಾಲೆಯ ಟ್ಯಾಬಿನಲ್ಲಿ ಒಬ್ಬೊಬ್ಬರಾಗಿ ಹೆಸರು ಬರೆದು, ಉತ್ತರ ತುಂಬಿ ಕಳಿಸಿದರು. ಮನೆಗೆ ಬಂದು ತೆರೆದರೆ ಎಲ್ಲ ಉತ್ತರಗಳೂ ಸಾಲಾಗಿ ಬಂದು ನಿಂತಿವೆ! ಅಷ್ಟು ವರ್ಷ ಕೆಂಪು ಪೆನ್ನಿನಿಂದ ಪೇಪರು ತಿದ್ದಿದವಳಿಗೆ ಅದೊಂದು ಪವಾಡ. ಮಕ್ಕಳು ಕೆಲವೊಮ್ಮೆ ಎರಡೆರಡು ಸಲ ಕಳಿಸುತ್ತಾರೆ, ಒಂದೇ ಹೆಸರು ಮತ್ತೆ ಬಂದಿದ್ದರೆ ತೆಗೆದುಹಾಕುವ ಬಟನ್ ಇದೆ ಎಂದು ಆ ಹುಡುಗಿ ಹೇಳಿಕೊಟ್ಟಿದ್ದಳು. ಬಟನ್ ಎಂದರೆ ನಾನು ಬಿಡುವವಳೇ? ಒತ್ತಿದೆ. ಪಟ್ಟಿ ಎಷ್ಟು ಅಚ್ಚುಕಟ್ಟಾಯಿತೆಂದರೆ ಇನ್ನೊಮ್ಮೆ ನೋಡದೆ ಕಳಿಸಿಬಿಟ್ಟೆ.

ಮರುದಿನ ಮುಂಜಾನೆ ಬೀಳಗಿಯ ಕಚೇರಿಯಿಂದ ಫೋನ್ ಬಂತು. ನಿಮ್ಮ ಹಾಜರಿಯಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ, ಪರೀಕ್ಷೆ ಬರೆದವರು ಇಪ್ಪತ್ತೆರಡೇ ಜನ, ಇದು ನಡೆಯುವುದಿಲ್ಲ, ಎರಡು ದಿನದಲ್ಲಿ ಸರಿಮಾಡಿ, ಇಲ್ಲದಿದ್ದರೆ ಸ್ಕ್ರೀನ್ ಒಯ್ಯಲು ಗಾಡಿ ಕಳಿಸುತ್ತೇವೆ ಎಂದರು. ತರಗತಿಗೆ ಹೋದವಳೇ, ಯಾರು ಪರೀಕ್ಷೆ ಬರೆದಿಲ್ಲ, ಕೈಯೆತ್ತಿ ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ಸಿಟ್ಟು ಬಂತು. ಕಳಿಸಿದ ಪಟ್ಟಿ ಹಿಡಿದು, ಒಂದೊಂದೇ ಹೆಸರು ತಾಳೆ ನೋಡುತ್ತ, “ಬೀರಪ್ಪಾ, ನೀ ಬರದಿಯೇನೋ?” ಎಂದು ಕೂಗಿದೆ.

ಆರು ಹುಡುಗರು ಎದ್ದು ನಿಂತು, “ಬರದೇನ್ರಿ ಅಕ್ಕೋರ” ಎಂದರು.

ಪಟ್ಟಿಯಲ್ಲಿ ಬೀರಪ್ಪ ಒಬ್ಬನೇ ಇದ್ದ. ನಮ್ಮ ಊರಿನಲ್ಲಿ ಹೆಚ್ಚಿನ ಮನೆಗಳಿಗೆ ಬೀರೇಶ್ವರನೇ ಮನೆದೇವರು. ಹಿರಿಯ ಮಗನಿಗೆ ಬೇರೆ ಹೆಸರಿಡುವ ಧೈರ್ಯವನ್ನು ಯಾರೂ ಮಾಡಿಲ್ಲ. ಹೆಣ್ಣು ಮಕ್ಕಳಲ್ಲಿ ಮಾಳವ್ವಂದಿರು ಮೂವರು, ಲಕ್ಷ್ಮವ್ವಂದಿರು ಮೂವರು. ಹಾಜರಿ ಕೂಗುವಾಗ ಹೊಳಿ ಬೀರಪ್ಪ, ಗುಡಿ ಹಿಂದಿನ ಬೀರಪ್ಪ, ಟಗರಿನ ಬೀರಪ್ಪ ಎಂದು ಕೂಗುತ್ತೇನೆ, ಇಷ್ಟು ವರ್ಷ ಒಂದು ದಿನವೂ ತೊಂದರೆಯಾಗಿಲ್ಲ. ಯಂತ್ರಕ್ಕೆ ಹೊಳಿ ಗೊತ್ತಿಲ್ಲ, ಗುಡಿ ಗೊತ್ತಿಲ್ಲ, ಟಗರು ಮೊದಲೇ ಗೊತ್ತಿಲ್ಲ. ಐವರು ಬೀರಪ್ಪಂದಿರು, ಇಬ್ಬರು ಮಾಳವ್ವಂದಿರು, ಇಬ್ಬರು ಲಕ್ಷ್ಮವ್ವಂದಿರು, ಹೀಗೆ ಒಂಬತ್ತು ಮಕ್ಕಳನ್ನು ನಾನು ಒಂದೇ ಬೆರಳಿನಿಂದ ಅಳಿಸಿದ್ದೆ.

ಸಂಜೆ ಮನೆಯಲ್ಲಿ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. “ನಿಮ್ಮಪ್ಪ ಇಡೀ ಜನ್ಮ ಕುರಿ ಕಾದಾ, ಹೊಳಿ ದಾಟಿಸಿದಾ, ಒಂದ ಮರಿ ಕಳಕೊಳ್ಳಲಿಲ್ಲ. ನೀ ಕುರ್ಚಿ ಮ್ಯಾಲ ಕುಂತ ಒಂಬತ್ತ ಹುಡುಗೂರ್ನ ಕಳದಿ” ಎಂದಳು. ಆಮೇಲೆ ಏನೋ ಯೋಚಿಸಿ, ಅಪ್ಪ ಯಾವ ಕುರಿಯನ್ನೂ ಲೆಕ್ಕ ಹಾಕುತ್ತಿರಲಿಲ್ಲ, ಒಂದೊಂದನ್ನೂ ಏನಾದರೊಂದು ಗುರುತಿನಿಂದ ಕರೆಯುತ್ತಿದ್ದ ಎಂದು ಸೇರಿಸಿದಳು.

ಅದು ಬೈಗುಳವೋ ಬುದ್ಧಿಮಾತೋ ತಿಳಿಯಲಿಲ್ಲ. ಆದರೆ ಲ್ಯಾಪ್‌ಟಾಪ್ ತೆರೆದು, ಯಾರೂ ಹೇಳಿಕೊಡದೆ, ಫಾರ್ಮಿನ ಮೇಲ್ಗಡೆ ಒಂದು ಹೊಸ ಪ್ರಶ್ನೆ ಸೇರಿಸಿದೆ: ‘ನಿಮ್ಮನ್ನು ಓಣಿಯಲ್ಲಿ ಏನೆಂದು ಕರೆಯುತ್ತಾರೆ?’ ಮರುದಿನ ಮೂವತ್ತೊಂದು ಮಕ್ಕಳೂ ಮತ್ತೆ ಪರೀಕ್ಷೆ ಬರೆದರು. ಉತ್ತರಗಳು ಬಂದವು: ಹೊಳಿ ಬೀರ್ಯಾ, ಟಗರ ಬೀರ್ಯಾ, ಪ್ಯಾಟಿ ಲಕ್ಕವ್ವ. ಒಬ್ಬ ಬೀರಪ್ಪ ಮಾತ್ರ ‘ಲೇ ಅಂತಾರ್ರಿ’ ಎಂದು ಬರೆದಿದ್ದ. ಅವನನ್ನು ಹಾಗೆಯೇ ಬಿಟ್ಟೆ. ಸಾಲು ಎಣಿಸಿದೆ, ಮೂವತ್ತೊಂದು. ಯಾವ ಬಟನ್ನನ್ನೂ ಒತ್ತದೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಸಲ ಓದಿ, ಕಳಿಸಿದೆ. ಕಚೇರಿಯವರು ಫೋನ್ ಮಾಡಿ, ಇವೆಲ್ಲ ಹೆಸರುಗಳೇನ್ರೀ ಮೇಡಂ ಎಂದು ಕೇಳಿದರು. ಹೌದು ಎಂದೆ. ಅವರೂ ನಮ್ಮ ಕಡೆಯವರೇ ಇರಬೇಕು, ಮುಂದೆ ಏನೂ ಕೇಳಲಿಲ್ಲ. ಮೊದಲು ಅಳಿಸಿದ ಉತ್ತರಗಳು ಫಾರ್ಮಿನೊಳಗೆ ಹಾಗೇ ಉಳಿದಿದ್ದವು, ಪರೀಕ್ಷೆಯನ್ನು ಮತ್ತೆ ನಡೆಸುವ ಅಗತ್ಯವೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಇದನ್ನು ನಾನು ಮಕ್ಕಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಸ್ಕ್ರೀನ್ ನಮ್ಮಲ್ಲೇ ಉಳಿಯಿತು. ಪಾಟೀಲ ಸರ್ ತಾವೇ ಅದರ ಧೂಳು ಒರೆಸುತ್ತಾರೆ. ಕಳೆದ ವಾರ ಬೀಳಗಿಗೆ ಕರೆಸಿ, ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ನನ್ನ ಕೈಗೆ ಸರ್ಟಿಫಿಕೇಟ್ ಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದವರಿಗೆ ಕಾಣುವ ಹಾಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮನೆಗೆ ಬಂದು ಅವ್ವನ ಕೈಗೆ ಕೊಟ್ಟೆ. ಓದು ಬರದ ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಎರಡೂ ಕೈಯಿಂದ ಹಿಡಿದು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಶಾಲೆಯಲ್ಲಿ ಓದುವ ಧ್ವನಿಯಲ್ಲಿ ಓದಿ ಹೇಳಿದೆ: ಇವರು ಆನ್‌ಲೈನ್ ಬೋಧನಾ ಸಾಧನಗಳನ್ನು ಅತ್ಯಂತ ಸಮರ್ಥವಾಗಿ ಬಳಸಬಲ್ಲರು.

ಅವ್ವ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

“ಆ ಕಲಿಸೋ ಹುಡುಗಿ ನಮ್ಮ ಮನಿಗೆ ಒಮ್ಮಿನೂ ಬಂದಿಲ್ಲಲ್ಲಾ?”

“ಇಲ್ಲ ಬೇ. ಯಾಕ?”

“ಛಲೋ ಆತ ಬಿಡು. ಬಂದ ನೋಡಿದ್ರ ಕೊಡತಿದ್ದಿಲ್ಲ.”